ಹಳೆಯ ಕಾರಿನ ಕ್ಲಚ್ ಕೇಬಲ್ಲು

ಯಂತ್ರವನ್ನು ಬಳಸುವುದು ಬೇರೆ, ಅದರ ಮರ್ಮವನ್ನರಿತು ಬಳಸುವುದು ಬೇರೆ. ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಬಲ, ಸನ್ನೆ, ಘರ್ಷಣೆ ಎಂಬ ಶಬ್ದಗಳನ್ನು ಕಲಿಯುತ್ತಾರೆ. ಈ ಮೂರೂ ಅಂಗಳದಲ್ಲಿ ನಿಂತ ಹಳೆಯ ಕಾರಿನ ಒಂದು ತಂತಿಯಲ್ಲಿ ಕೂಡಿಕೊಂಡಿವೆ. ಆ ತಂತಿಯೇ ಕ್ಲಚ್ ಕೇಬಲ್ಲು. ಅದು ತುಂಡಾದರೆ, ಎಂಜಿನ್ನು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕಾರು ನಡುದಾರಿಯಲ್ಲಿ ನಿಂತುಬಿಡುತ್ತದೆ. ರಾತ್ರಿಯಲ್ಲಿ ರೋಗಿಯನ್ನು ಕರೆದೊಯ್ಯುವಾಗಲೋ, ಪರೀಕ್ಷೆಯ ದಿನ ಬೆಳಿಗ್ಗೆಯೋ ಹೀಗಾದರೆ ಒದಗುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಅದರ ಸವೆತವನ್ನು ಮೊದಲೇ ಗುರುತಿಸಿ, ಮನೆಯಲ್ಲಿಯೇ ಬದಲಾಯಿಸುವ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

1983ರಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಮಾರುತಿ 800 ಕಾರನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಕ್ಲಚ್ಚು ಕೇಬಲ್ಲಿನಿಂದಲೇ ನಡೆಯುತ್ತದೆ. ಅನೇಕ ಕಾರುಗಳಲ್ಲಿ ಕೇಬಲ್ಲಿನ ಬದಲು ಎಣ್ಣೆಯ ಒತ್ತಡವು ಈ ಕೆಲಸ ಮಾಡುವುದರಿಂದ, ತಮ್ಮ ಕಾರು ಯಾವ ಬಗೆಯದೆಂದು ಮೊದಲು ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ಎಂಜಿನ್ನಿನ ತಿರುಗುವ ಚಕ್ರಕ್ಕೂ ಗೇರುಪೆಟ್ಟಿಗೆಗೂ ನಡುವೆ ಒಂದು ಕ್ಲಚ್ ಪ್ಲೇಟು ಇದೆ. ಬಲವಾದ ಸ್ಪ್ರಿಂಗು ಅದನ್ನು ಚಕ್ರಕ್ಕೆ ಒತ್ತಿ ಹಿಡಿದಿರುವವರೆಗೆ, ಘರ್ಷಣೆಯ ಮೂಲಕ ಎಂಜಿನ್ನಿನ ಶಕ್ತಿಯು ಗಾಲಿಗಳಿಗೆ ಹರಿಯುತ್ತದೆ. ಪೆಡಲನ್ನು ತುಳಿದಾಗ ಕೇಬಲ್ಲು ಗೇರುಪೆಟ್ಟಿಗೆಯ ಹೊರಗಿರುವ ಒಂದು ಸನ್ನೆಯನ್ನು ಎಳೆಯುತ್ತದೆ. ಸ್ಪ್ರಿಂಗಿನ ಒತ್ತು ತಪ್ಪಿ ಪ್ಲೇಟು ಬಿಡುಗಡೆ ಹೊಂದುತ್ತದೆ. ಆಗಲೇ ಗೇರು ಸುಲಭವಾಗಿ ಬದಲಾಗುವುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಂತಿಯು ನೇರವಾಗಿ ಎಳೆಯಬಲ್ಲದು, ಸರಿ. ಆದರೆ ಅಂಕುಡೊಂಕಾಗಿ ಸಾಗಿದ ತಂತಿ ಎಳೆದಾಗ ನೆಟ್ಟಗಾಗಿಬಿಡುವುದಿಲ್ಲವೆ? ಆಗದಂತೆ ತಡೆಯುವುದು ಅದರ ಹೊರಗವಸು. ಗವಸಿನ ಎರಡು ತುದಿಗಳೂ ಅಲುಗದ ಆಸನಗಳಲ್ಲಿ ಕುಳಿತಿರುತ್ತವೆ. ಒಳತಂತಿ ಎಷ್ಟು ಬಲದಿಂದ ಎಳೆಯುತ್ತದೆಯೋ, ಗವಸು ಅಷ್ಟೇ ಬಲದಿಂದ ಒತ್ತಿ ನಿಲ್ಲುತ್ತದೆ. ಈ ಏರ್ಪಾಡಿಗೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದವನು ಅರ್ನೆಸ್ಟ್ ಮಾನಿಂಗ್ಟನ್ ಬೌಡನ್. ತಂತಿಯ ಬ್ರೇಕುಳ್ಳ ಸೈಕಲ್ಲಿನಲ್ಲಿ ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು: ಗವಸಿನ ತುದಿ ಆಸನದಿಂದ ಜಾರಿದರೆ, ಒಳತಂತಿ ಗಟ್ಟಿಯಾಗಿದ್ದರೂ ಬ್ರೇಕು ಹಿಡಿಯದು. ಈ ಒಂದು ತತ್ತ್ವವನ್ನು ಮನದಟ್ಟು ಮಾಡಿಕೊಂಡವರಿಗೆ ಮುಂದಿನ ಕೆಲಸವೆಲ್ಲ ಸುಲಭ.

ಒಳತಂತಿಯು ಅನೇಕ ಸಣ್ಣ ಉಕ್ಕಿನ ಎಳೆಗಳಿಂದ ಹೆಣೆದದ್ದು. ಅದು ಒಮ್ಮೆಗೇ ತುಂಡಾಗುವುದು ಅಪರೂಪ. ಬಾಗುವ ಎಡೆಯಲ್ಲಿ, ಬಹುಮಟ್ಟಿಗೆ ತುದಿಗಳ ಬಳಿ, ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಮಳೆನೀರೂ ಕರಾವಳಿಯ ಉಪ್ಪುಗಾಳಿಯೂ ಸೇರಿದರೆ ತುಕ್ಕು ಅದಕ್ಕೆ ನೆರವಾಗುತ್ತದೆ. ಪೆಡಲು ಬಿಗಿಯಾಗುವುದು, ತುಳಿದಾಗ ಕರಕರ ಎನ್ನುವುದು, ಬಿಟ್ಟಾಗ ನಿಧಾನವಾಗಿ ಏಳುವುದು, ರಿವರ್ಸ್ ಗೇರು ಹಾಕುವಾಗ ಕಿರುಗುಟ್ಟುವುದು, ಇವು ಎಚ್ಚರಿಕೆಯ ಲಕ್ಷಣಗಳು. ಆದರೆ ಎಂಜಿನ್ನು ಭೋರ್ಗರೆದರೂ ಕಾರಿನ ವೇಗವೇರದಿದ್ದರೆ, ದೋಷವು ಹೆಚ್ಚಾಗಿ ಪ್ಲೇಟಿನ ಸವೆತದ್ದು ಇಲ್ಲವೆ ಕೇಬಲ್ಲನ್ನು ಅತಿಯಾಗಿ ಬಿಗಿದದ್ದು. ಪ್ಲೇಟನ್ನು ಬದಲಾಯಿಸಲು ಗೇರುಪೆಟ್ಟಿಗೆಯನ್ನೇ ಇಳಿಸಬೇಕಾದುದರಿಂದ ಅದು ವರ್ಕ್‌ಶಾಪಿನ ಕೆಲಸ.

ಹೊಸ ಕೇಬಲ್ಲನ್ನು ಕಾರಿನ ಮಾದರಿ ಮತ್ತು ತಯಾರಾದ ವರ್ಷವನ್ನು ಹೇಳಿ ಕೊಳ್ಳಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಕೇವಲ ಜಾಕಿಯ ಮೇಲೆ ನಿಂತ ಕಾರಿನಡಿಗೆ ಯಾರೂ, ಎಷ್ಟೇ ಅವಸರವಿದ್ದರೂ, ನುಸುಳಕೂಡದು. ಅಡಿಯಿಂದಲೇ ಕೈಯಾಡಿಸಬೇಕಾಗಿ ಬಂದರೆ ಗಟ್ಟಿಯಾದ ಸ್ಟ್ಯಾಂಡುಗಳ ಆಧಾರ ಬೇಕು. ಅವಿಲ್ಲದಿದ್ದರೆ ಮೆಕ್ಯಾನಿಕನನ್ನು ಕರೆಯುವುದೇ ವಿವೇಕ.

ಬಾನೆಟ್ ಎತ್ತಿ, ಹಳೆಯ ಕೇಬಲ್ಲು ಯಾವ ದಾರಿಯಲ್ಲಿ ಹೋಗಿದೆ, ಎಲ್ಲೆಲ್ಲಿ ಹಿಡಿಕೆಗಳಿವೆ ಎಂಬುದರ ಚಿತ್ರವನ್ನು ಬರೆದುಕೊಳ್ಳಬೇಕು. ಇದು ಮಕ್ಕಳಿಗೆ ಒಪ್ಪಿಸತಕ್ಕ ಕೆಲಸ. ಬಳಿಕ ಗೇರುಪೆಟ್ಟಿಗೆಯ ಸನ್ನೆಯ ಬಳಿ ಕೇಬಲ್ಲಿನ ಮರೆಯುಳ್ಳ ತುದಿಯಲ್ಲಿರುವ ನಟ್ಟನ್ನು ಸಡಿಲಿಸಿ, ತುದಿಯನ್ನು ಸನ್ನೆಯಿಂದ ಬಿಡಿಸಿ, ಗವಸನ್ನು ಹಿಡಿಕೆಯಿಂದ ಕಳಚಬೇಕು. ಆಮೇಲೆ ಕಾರಿನೊಳಗೆ ಬಗ್ಗಿ, ಪೆಡಲಿನ ಮೇಲ್ತುದಿಯ ಕೊಕ್ಕೆಯಿಂದ ಇನ್ನೊಂದು ತುದಿಯನ್ನು ತಪ್ಪಿಸಿ, ಇಡೀ ಕೇಬಲ್ಲನ್ನು ಎಂಜಿನ್ನಿನ ಕಡೆಗೆ ಎಳೆದು ತೆಗೆಯಬೇಕು.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಉದ್ದ, ತುದಿಗಳ ಆಕಾರ, ರಬ್ಬರಿನ ಬುಷ್ಷು ಸರಿಹೊಂದುತ್ತವೆಯೇ ಎಂದು ನೋಡಿದ ಮೇಲೆಯೇ ಜೋಡಣೆಗೆ ತೊಡಗಬೇಕು. ಪೆಡಲಿನ ಕೊಕ್ಕೆಗೆ ತುಸು ಗ್ರೀಸು ಸವರಿ ಆ ತುದಿಯನ್ನು ಮೊದಲು ಸಿಕ್ಕಿಸಿ, ಹಳೆಯ ದಾರಿಯಲ್ಲಿಯೇ ಕೇಬಲ್ಲನ್ನು ಒಯ್ಯಬೇಕು. ತಿರುವುಗಳು ಮೃದುವಾಗಿರಬೇಕು, ಬಿಸಿಯಾಗುವ ಹೊಗೆಕೊಳವೆಗೆ ತಗಲಕೂಡದು. ಗವಸಿನ ಎರಡು ತುದಿಗಳೂ ಆಸನದಲ್ಲಿ ಭದ್ರವಾಗಿ ಕುಳಿತ ಮೇಲೆಯೇ ಸನ್ನೆಗೆ ತಂತಿಯನ್ನು ಸೇರಿಸಿ ನಟ್ಟು ತಿರುಗಿಸಬೇಕು.

ಉಳಿದದ್ದು ಅಳತೆ. ಪೆಡಲನ್ನು ಕೈಯಿಂದ ಒತ್ತಿದಾಗ ಮೊದಲು ಸ್ವಲ್ಪ ದೂರ ಹಗುರವಾಗಿ ಸರಿದು ಅನಂತರ ಬಿಗಿಯಾಗಬೇಕು. ಮೆಕ್ಯಾನಿಕರು ‘ಪ್ಲೇ’ ಎನ್ನುವ ಈ ಬಿಡುವು ಎಷ್ಟು ಮಿಲಿಮೀಟರ್ ಇರಬೇಕೆಂಬುದನ್ನು ಕೈಪಿಡಿಯಿಂದ ತಿಳಿದು, ಅಳತೆಪಟ್ಟಿಯಿಂದಲೇ ಅಳೆಯಬೇಕು. ನಟ್ಟು ಬಿಗಿದಂತೆ ಬಿಡುವು ಕಡಮೆಯಾಗುತ್ತದೆ. ಬಿಡುವು ಇಲ್ಲದಿದ್ದರೆ ಪ್ಲೇಟು ಪೂರ್ತಿ ಒತ್ತಿಕೊಳ್ಳದೆ ಜಾರಿ ಸುಡುತ್ತದೆ. ಅತಿಯಾದರೆ ಪ್ಲೇಟು ಬಿಡದೆ ಗೇರು ಕಿರುಗುಟ್ಟುತ್ತದೆ. ಪೆಡಲನ್ನು ಹತ್ತಿಪ್ಪತ್ತು ಬಾರಿ ತುಳಿದರೆ ಹೊಸ ಗವಸು ನೆಲೆಗೊಳ್ಳುತ್ತದೆ. ಮತ್ತೊಮ್ಮೆ ಅಳೆದು ಸರಿಪಡಿಸಬೇಕು. ಕಾರಿನ ಮುಂದೆ, ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಎಂಜಿನ್ನು ಚಾಲೂ ಮಾಡಿ, ಪೆಡಲನ್ನು ಪೂರ್ತಿ ತುಳಿದು ಕ್ಷಣಕಾಲ ತಡೆದು, ರಿವರ್ಸ್ ಗೇರು ಹಾಕಬೇಕು. ಅದು ಸದ್ದಿಲ್ಲದೆ ಬಿದ್ದರೆ ಕೆಲಸ ಸರಿಯಾಯಿತು. ಕೆಲವು ದಿನ ಓಡಿಸಿದ ಮೇಲೆ ಬಿಡುವನ್ನು ಪುನಃ ನೋಡತಕ್ಕದ್ದು.

ಕಳಚಿದ ಹಳೆಯ ಕೇಬಲ್ಲನ್ನು ಕೂಡಲೆ ಗುಜರಿಗೆ ಹಾಕುವುದು ಬೇಡ. ಹಿರಿಯರ ಸಮಕ್ಷಮದಲ್ಲಿ, ದಪ್ಪ ಬಟ್ಟೆಯಿಂದ ಹಿಡಿದು, ಕಡಿದ ಎಳೆಗಳೆಷ್ಟು, ಉಳಿದವು ಎಷ್ಟು ಎಂದು ಮಕ್ಕಳು ಎಣಿಸಲಿ. ಎಷ್ಟು ಕಡಮೆ ಎಳೆಗಳ ಮೇಲೆ ಮನೆಮಂದಿಯ ಪ್ರಯಾಣ ನಿಂತಿತ್ತೆಂಬುದು ಆ ಎಣಿಕೆಯಿಂದಲೇ ಅವರಿಗೆ ತಿಳಿಯುವುದು.