ನಿಮಗಿದು ಗೊತ್ತೆ? ಹಿಂದಿನ ಆಕ್ಸಲ್ಲೂ ಉಸಿರಾಡುತ್ತದೆ!

2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಹಲವು ಕೆರೆಗಳು ಕೋಡಿ ಬಿದ್ದು ರಸ್ತೆಗಳ ಮೇಲೂ ನೀರು ಹರಿಯಿತು. ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ತೆಂಗಿನಕಾಯಿ ತರುವ ಪಿಕಪ್ ಇಂಥ ನೀರಿಗಿಳಿಯದಿರುವುದೇ ಮೇಲು. ಇಳಿದರೆ, ಓಡಿ ಬಿಸಿಯಾದ ಆಕ್ಸಲ್ ಹೌಸಿಂಗ್ ತಟ್ಟನೆ ತಣಿದು, ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮೂಲಕ ನೀರನ್ನೇ ಹೀರಬಹುದು. ಗೇರ್ ಆಯಿಲ್ ಹಾಲುಕಾಫಿ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದೇ ಲೆಕ್ಕ. ಹೌಸಿಂಗ್ ನೆತ್ತಿಯ ಮೇಲಿನ ಪುಟ್ಟ ಟೋಪಿ ಅಥವಾ ತುದಿ ತೆರೆದ ತೆಳ್ಳನೆ ರಬ್ಬರ್ ಪೈಪೇ ಬ್ರೀದರ್. ಪಕ್ಕದ ಬ್ರೇಕ್ ಪೈಪನ್ನು ಮಾತ್ರ ಮುಟ್ಟಬೇಡಿ! ಬ್ರೀದರ್ ಪೈಪ್ ಉದ್ದ ಮಾಡಿಸಿ, ಸೈಲೆನ್ಸರ್‌ನಿಂದ ದೂರವಾಗಿ, ಚಾಸಿಗಿಂತ ಎತ್ತರಕ್ಕೆ ಕಟ್ಟಿಸಿ, ತುದಿ ಕೆಳಮುಖವಾಗಿರಲಿ. ಸ್ಪ್ರಿಂಗ್ ಪ್ಲೇಟ್ ಕುಣಿದಾಗ ಬಿಗಿಯದಷ್ಟು ಸಡಿಲವೂ ಬೇಕು. ಬ್ರೀದರ್ ಕೆಸರು ಕಟ್ಟಿದರೂ ಕಷ್ಟವೇ: ಒತ್ತಡಕ್ಕೆ ಗೇರ್ ಆಯಿಲ್ ಸೀಲನ್ನು ದಾಟಿ ಬ್ರೇಕ್ ಡ್ರಮ್ ಸೇರುತ್ತದೆ.