ಅಳತೆಗೆ ಬಂದ ಹಿತ್ತಾಳೆ

ವಿಜಯಪುರಕ್ಕೆ ಬಂದವರು ನೋಡುವ ಮಲಿಕ್-ಎ-ಮೈದಾನ್ ತೋಪನ್ನು ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ ತೂಕದ ಈ ತೋಪಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಪಾಲು ತಾಮ್ರ, 20 ಪಾಲು ತವರ. ಅಷ್ಟು ತವರ ಸೇರಿದ ಕಂಚು ಗಡುಸು, ಬಗ್ಗಿಸಹೋದರೆ ಒಡೆಯುತ್ತದೆ. ಮದ್ದಿನ ಒತ್ತಡವನ್ನು ಅದು ತನ್ನ ಗೋಡೆಯ ದಪ್ಪದಿಂದಲೇ ತಡೆಯಬೇಕಿತ್ತು. ಇಂದಿನ ರೈಫಲ್ಲಿನಲ್ಲಿ ಹೊಣೆ ಎರಡಾಗಿ ಹಂಚಿದೆ. ಬಲವನ್ನು ಉಕ್ಕಿನ ಕೋಣೆ ತಡೆದರೆ, ಅನಿಲ ಹಿಂದಕ್ಕೆ ಸೋರದಂತೆ ಕಾಡತೂಸಿನ ತೆಳು ಹಿತ್ತಾಳೆ ಕೇಸು ಮುಚ್ಚುತ್ತದೆ. ಇಲ್ಲಿ ಬೇಕಾದದ್ದು ಹಿಗ್ಗಿ ಕುಗ್ಗುವ ಗುಣ. 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಗೆ ಅದು ಧಾರಾಳವಾಗಿದೆ.

ಗುಂಡು ಹಾರುವ ಕ್ಷಣದಲ್ಲಿ ಒಳಗಿನ ಒತ್ತಡ ವಾಯುಭಾರದ ಮೂರು ನಾಲ್ಕು ಸಾವಿರ ಪಟ್ಟಿಗೆ ಏರುತ್ತದೆ. ಕೇಸು ಉಬ್ಬಿ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗಿ ಸಡಿಲವಾಗುತ್ತದೆ. ಆದರೆ ಮೊದಲಿದ್ದಷ್ಟು ಸಣ್ಣದಾಗುವುದಿಲ್ಲ. ಆದ್ದರಿಂದಲೇ ಅಮೆರಿಕ ಮುಂತಾದ ದೇಶಗಳಲ್ಲಿ ಖಾಲಿ ಕೇಸನ್ನು ಮನೆಯಲ್ಲೇ ಮರುತುಂಬುವ ಗುರಿಕಾರರು ಮೊದಲು ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಅಳತೆಗೆ ತರುತ್ತಾರೆ. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.) ಅಚ್ಚಿನಿಂದ ಹೊರಬಂದ ಕೇಸು ಕ್ಯಾಲಿಪರಿಗೆ ಹೊಸದರಂತೆಯೇ ಕಾಣುತ್ತದೆ. ಆದರೆ ಅಳತೆ ಮರಳಿತೆಂದ ಮಾತ್ರಕ್ಕೆ ಲೋಹ ಮರಳಿದಂತಾಗಲಿಲ್ಲ.

ಹಂಡೆ, ಕೊಡಗಳನ್ನು ಬಡಿಯುವ ತಾಂಬಟಗಾರರಿಗೆ ಈ ಮಾತು ಹೊಸದಲ್ಲ. ಬಡಿದಷ್ಟೂ ತಗಡು ಗಡುಸಾಗುತ್ತದೆ. ನಡುನಡುವೆ ಕಾಸದಿದ್ದರೆ ಬಿರುಕು ಬಿಡುತ್ತದೆ. ತಣ್ಣಗಿರುವ ಲೋಹವನ್ನು ಬಗ್ಗಿಸಿದಾಗಲೆಲ್ಲ ಅದರ ಹರಳುಗಳೊಳಗೆ ದೋಷಗಳು ಹೆಚ್ಚಿ, ಒಂದು ಇನ್ನೊಂದರ ದಾರಿಗೆ ಅಡ್ಡ ಬರುತ್ತವೆ. ಪ್ರತಿ ಗುಂಡಿಗೆ ಒಮ್ಮೆ ಹಿಗ್ಗಿ ಅಚ್ಚಿನಲ್ಲಿ ಒಮ್ಮೆ ಕುಗ್ಗುವ ಕೇಸಿನ ಕುತ್ತಿಗೆಗೂ ಇದೇ ಗತಿ. ಗಡುಸು ಹಿತ್ತಾಳೆ ಹೆಚ್ಚು ಪುಟಿಯುವುದರಿಂದ ಅಚ್ಚಿನಿಂದ ಹೊರಬಂದ ಮೇಲೂ ತುಸು ಹಿಗ್ಗುತ್ತದೆ. ಒಂದೇ ಅಚ್ಚು ಹೊಸ ಕೇಸಿಗೂ ಹಳೆಯದಕ್ಕೂ ಒಂದೇ ಅಳತೆ ಕೊಡದಿರುವುದು ಅದಕ್ಕೇ.

ಹೀಗೆ ತಣ್ಣಗೆ ಬಗ್ಗಿಸಿದ ಲೋಹದೊಳಗೆ ಉಳಿದ ಬಿಗಿತ ಏನು ಮಾಡಬಲ್ಲದೆಂಬುದಕ್ಕೆ ಪುರಾವೆ ಭಾರತದಲ್ಲೇ ಸಿಕ್ಕಿತ್ತು. ಬ್ರಿಟಿಷ್ ಸೇನೆ ಕುದುರೆ ಲಾಯಗಳ ಬಳಿ ಇಟ್ಟಿದ್ದ ಕಾಡತೂಸುಗಳು ಮಳೆಗಾಲದಲ್ಲಿ ಯಾರೂ ಮುಟ್ಟದಿದ್ದರೂ ಬಿರಿಯುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ ಮತ್ತು ತಣ್ಣಗೆ ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ ಮೂರೂ ಸೇರಿ ಅದನ್ನು ಸೀಳುತ್ತಿದ್ದವು. ಆ ಕೇಸುಗಳ ಅಳತೆಯಲ್ಲಿ ಯಾವ ತಪ್ಪೂ ಇರಲಿಲ್ಲ.

ಹಾಗಾದರೆ ಆಗಾಗ ಕಾಸಿ ಮೆದುಗೊಳಿಸಿದರೆ ಸಾಕಲ್ಲವೇ ಎನ್ನಬಹುದು. ಕುತ್ತಿಗೆಯ ಮಟ್ಟಿಗೆ ಅದು ನಿಜ. ಕಾರ್ಖಾನೆಯವರೂ ಅದನ್ನು ಕಾಸುತ್ತಾರೆ, ಹೊಸ ಕೇಸಿನ ಹೆಗಲ (ಕುತ್ತಿಗೆಯತ್ತ ಕಿರಿದಾಗುವ ಭಾಗದ) ಮೇಲಿನ ನೀಲಿಛಾಯೆ ಅದರ ಗುರುತು. ಆದರೆ ಬುಡ ಗಡುಸಾಗಿಯೇ ಇರಬೇಕು. ಅದು ಮೆದುವಾದರೆ ಒತ್ತಡಕ್ಕೆ ಬಾಗುತ್ತದೆ, ಅನಿಲ ಗುರಿಕಾರನ ಮುಖದತ್ತ ನುಗ್ಗಬಹುದು. ಪ್ರತಿ ಸಲವೂ ಕಾರ್ಖಾನೆಯ ಅಳತೆಗೇ ಒತ್ತುವುದು ಸುರಕ್ಷಿತವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಆದರೆ ಹಾಗೆ ಒತ್ತಿ ಅಗತ್ಯಕ್ಕಿಂತ ಹೆಚ್ಚು ಹೆಗಲನ್ನು ಹಿಂದಕ್ಕೆ ತಳ್ಳಿದರೆ ಮುಂದಿನ ಗುಂಡಿಗೆ ಕೇಸು ಉದ್ದುದ್ದ ಹಿಗ್ಗಬೇಕಾಗುತ್ತದೆ. ಆ ಹಿಗ್ಗಿಗೆ ಲೋಹ ಹೋಗುವುದು ಬುಡದ ತುಸು ಮೇಲಿನ ಗೋಡೆಯಿಂದ. ಅಲ್ಲಿ ಒಳಗಡೆ ತೆಳುವಾದ ಬಳೆಯೊಂದು ಮೂಡಿ, ಕೊನೆಗೆ ಕೇಸು ಎರಡಾಗಿ ತುಂಡಾಗುತ್ತದೆ. ಕಾಸುವುದರಿಂದ ಹರಳು ಹೊಸದಾದೀತೇ ಹೊರತು ಸರಿದುಹೋದ ಲೋಹ ಹಿಂದಿರುಗದು. ಆದ್ದರಿಂದ ಬಲ್ಲವರು ಹೆಗಲನ್ನು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟೇ ಹಿಂದಕ್ಕೊತ್ತುತ್ತಾರೆ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಸಿ ಗೋಡೆಯುದ್ದಕ್ಕೂ ಎಳೆಯುತ್ತಾರೆ. ಎಲ್ಲಾದರೂ ತಂತಿ ಹಳ್ಳಕ್ಕೆ ಸಿಕ್ಕಿದರೆ, ಹೊರಗಿನ ಅಳತೆ ಎಷ್ಟೇ ಸರಿಯಿರಲಿ, ಆ ಕೇಸು ಗುಜರಿಗೆ.