ಮೂಳೆಯೊಳಗಿನ ಕೀವಿಗೆ ಪರಮಾಣುವಿನ ದೀಪ

ಮಾಗಿಯ ಚಳಿ ಹಿಂದೆಗೆಯುವ ಹೊತ್ತಿಗೆ ಕಲಬುರಗಿ ಸೀಮೆಯ ಎರೆಹೊಲಗಳಲ್ಲಿ ತೊಗರಿಯ ಕೊಯ್ಲು ಮುಗಿದಿರುತ್ತದೆ. ಗಿಡವನ್ನು ಕೊಯ್ದ ಮೇಲೆ ನೆಲದಲ್ಲಿ ಉಳಿಯುವುದು ಕೂಳೆ. ಓರೆಯಾಗಿ ಕತ್ತರಿಸಿದ ಅದರ ತುದಿ ಈಟಿಯ ಮೊನೆಗೆ ಏನೂ ಕಡಿಮೆಯಲ್ಲ. ಆಳಂದದ ಕಡೆಯವನಾಗಲಿ, ಭೀಮೆಯ ದಂಡೆಯ ಅಫಜಲಪುರ, ಜೇವರ್ಗಿಗಳ ಕಡೆಯವನಾಗಲಿ, ಬಾಳಿನಲ್ಲಿ ಒಮ್ಮೆಯಾದರೂ ಕೂಳೆಯನ್ನು ತುಳಿಯದ ರೈತನು ದೊರೆಯುವುದು ದುರ್ಲಭ. ತುಳಿದವನು ‘ಹಾ’ ಎಂದು ಬದುವಿನ ಮೇಲೆ ಕುಳಿತು, ಚೂರನ್ನು ಕಿತ್ತೆಸೆದು, ಗಾಯಕ್ಕೆ ಅರಿಸಿನ ಮೆತ್ತಿ ಮತ್ತೆ ಕೆಲಸಕ್ಕೆ ತೊಡಗುತ್ತಾನೆ. ನೋವೇ ಅವನಿಗೆ ಮೊದಲ ವೈದ್ಯ.

ಆದರೆ ನೋವೇ ಆಗದವನ ಗತಿಯೇನು? ಹತ್ತು ಹದಿನೈದು ವರ್ಷ ಸಿಹಿಮೂತ್ರ ರೋಗವನ್ನು ಹೊತ್ತು ನಡೆದವನ ಅಂಗಾಲಿನಲ್ಲಿ ನರಗಳು ಜಡವಾಗಿರುವುದುಂಟು. ಕೂಳೆ ಚುಚ್ಚಿದುದು ಅವನ ಅರಿವಿಗೇ ಬರುವುದಿಲ್ಲ. ವಾರಗಳು ಕಳೆದ ಮೇಲೆ ಪಾದ ಕೆಂಪೇರಿ, ಬಿಸಿಯಾಗಿ, ಕುಂಬಳಕಾಯಿಯಂತೆ ಊದಿಕೊಂಡಾಗಲೇ ಮನೆಯವರು ಗಾಬರಿಗೊಂಡು ಅವನನ್ನು ಬಸ್ಸು ಹತ್ತಿಸುತ್ತಾರೆ. ಇದು ಇಂಥವನದೇ ಎಂದು ಹೇಳುವ ಕಥೆಯಲ್ಲ. ಈ ಮೂರು ತಾಲ್ಲೂಕುಗಳ ಯಾವ ಹಳ್ಳಿಯಲ್ಲಾದರೂ ನಡೆಯಬಹುದಾದ ಸಂಗತಿ.

ಒಂದೇ ಮುಖ, ಎರಡು ರೋಗ

ವೈದ್ಯರ ಎದುರಿಗೆ ಆಗ ನಿಲ್ಲುವ ಪ್ರಶ್ನೆ ಸಾಮಾನ್ಯವಾದುದಲ್ಲ. ಊತಕ್ಕೆ ಎರಡು ಕಾರಣಗಳಿರಬಹುದು. ರೋಗಾಣುಗಳು ಮೂಳೆಯೊಳಕ್ಕೇ ನುಗ್ಗಿ ಅಲ್ಲಿ ಕೀವು ಕಟ್ಟಿರಬಹುದು. ಇಲ್ಲವೆ, ಸ್ಪರ್ಶಜ್ಞಾನವಿಲ್ಲದ ಪಾದದಲ್ಲಿ ಮೂಳೆಗಳು ತಾವಾಗಿಯೇ ನುಚ್ಚಾಗಿ ಕೀಲುಗಳು ಕುಸಿಯುತ್ತಿರಬಹುದು. ಈ ಎರಡನೆಯ ಬಗೆಯನ್ನು ಫ್ರಾನ್ಸಿನ ವೈದ್ಯ ಶಾರ್ಕೋ ಎಂಬಾತನು ಬೇರೊಂದು ನರರೋಗದವರಲ್ಲಿ ಕಂಡು 1868ರಲ್ಲಿ ವರ್ಣಿಸಿದನಾದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಹೊರಗಿನಿಂದ ನೋಡುವವರಿಗೆ ಇವೆರಡೂ ಅವಳಿಜವಳಿಗಳು. ಕ್ಷ-ಕಿರಣದ ಚಿತ್ರವೂ ಬೇಗನೆ ಉತ್ತರ ಕೊಡದು. ಮೂಳೆಯ ಸೋಂಕು ಅದರಲ್ಲಿ ಕಾಣಿಸಿಕೊಳ್ಳಲು ಎರಡು ಮೂರು ವಾರಗಳು ಬೇಕು.

ಚಿಕಿತ್ಸೆಗಳಾದರೋ ಒಂದಕ್ಕೊಂದು ತೀರ ಭಿನ್ನ. ಶಾರ್ಕೋ ಪಾದಕ್ಕೆ ಬೇಕಾದುದು ಗಾರೆಯ ಪಟ್ಟು ಮತ್ತು ತಿಂಗಳುಗಟ್ಟಲೆ ವಿಶ್ರಾಂತಿ. ಕೀವಿಗೆ ಬೇಕಾದುದು ವಾರಗಟ್ಟಲೆ ಜೀವಿರೋಧಕ ಔಷಧ, ಕೆಲವೊಮ್ಮೆ ಶಸ್ತ್ರ. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿದರೆ ಉಳಿಯಬೇಕಾಗಿದ್ದ ಪಾದಕ್ಕೆ ಕತ್ತಿ ಬಿದ್ದೀತು. ಎರಡನೆಯದನ್ನು ಮೊದಲನೆಯದೆಂದು ಬಗೆದರೆ ಕೀವು ರಕ್ತಕ್ಕೆ ಹರಡಿ ಪ್ರಾಣಕ್ಕೇ ಎರವಾದೀತು. ಕಾಲನ್ನು ನಂಬಿ ಉಣ್ಣುವ ರೈತನಿಗೆ ಈ ನಿರ್ಣಯ ಎಷ್ಟು ದೊಡ್ಡದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿಯ ಕಣಗಳ ಬೆನ್ನು ಹತ್ತಿ

ಕೀವನ್ನು ಕೀವೆಂದು ಗುರುತಿಸುವ ಬಗೆ ಯಾವುದು? ಉತ್ತರ ನಮ್ಮ ರಕ್ತದಲ್ಲಿಯೇ ಇದೆ. ರೋಗಾಣುಗಳು ಎಲ್ಲಿ ಬೀಡುಬಿಟ್ಟರೆ ಅಲ್ಲಿಗೆ ನಮ್ಮ ಬಿಳಿಯ ರಕ್ತಕಣಗಳು ಲಕ್ಷೋಪಲಕ್ಷವಾಗಿ ಧಾವಿಸುತ್ತವೆ. ಕೀವೆಂಬುದು ಬಹುಪಾಲು ಈ ಸೈನಿಕರ ಹೆಣಗಳ ರಾಶಿಯೇ. ಸೈನ್ಯ ಎಲ್ಲಿ ಜಮಾಯಿಸಿದೆಯೆಂದು ಕಂಡುಕೊಂಡರೆ ಶತ್ರುವಿನ ಠಾಣ್ಯವೂ ಗೊತ್ತಾಯಿತು.

ಮೊದಲ ಉಪಾಯ ಸರಳವಾದುದು: ರೋಗಿಯ ರಕ್ತವನ್ನೇ ತೆಗೆದು, ಅದರಿಂದ ಬಿಳಿಯ ಕಣಗಳನ್ನು ಬೇರ್ಪಡಿಸಿ, ಅವಕ್ಕೆ ವಿಕಿರಣ ಸೂಸುವ ಧಾತುವಿನ ಗುರುತು ಹಚ್ಚಿ, ಮತ್ತೆ ಅವನ ರಕ್ತನಾಳಕ್ಕೇ ಸೇರಿಸುವುದು. ಭಾರತೀಯ ಮೂಲದ ವಿಜ್ಞಾನಿ ಮ್ಯಾಥ್ಯೂ ಠಾಕೂರರೂ ಅವರ ಸಂಗಡಿಗರೂ ಇಂಡಿಯಮ್-111 ಎಂಬ ಧಾತುವಿನಿಂದ ಇದನ್ನು ಸಾಧಿಸಿ ತೋರಿಸಿದುದು 1970ರ ದಶಕದಲ್ಲಿ. ಈ ವಿಧಾನಕ್ಕೆ ಇಂದಿಗೂ ಮರ್ಯಾದೆ ಇದೆ. ಆದರೆ ರಕ್ತವನ್ನು ತೆಗೆದು, ಸೋಸಿ, ಗುರುತು ಹಚ್ಚಿ ಹಿಂದಿರುಗಿಸಲು ಗಂಟೆಗಟ್ಟಲೆ ನಿಷ್ಕಲ್ಮಷವಾದ ಕೊಠಡಿಯೂ ನುರಿತ ಕೈಗಳೂ ಬೇಕು. ಒಬ್ಬನ ರಕ್ತ ಇನ್ನೊಬ್ಬನದರೊಡನೆ ಅದಲುಬದಲಾಗದಂತೆ ಕಣ್ಣಿನಲ್ಲಿ ಕಣ್ಣಿಟ್ಟು ಕಾಯಬೇಕು.

ರಕ್ತವನ್ನು ಹೊರಗೆ ತೆಗೆಯದೆ ದೇಹದೊಳಗೇ ಈ ಕಣಗಳಿಗೆ ಗುರುತು ಹಚ್ಚಲಾಗದೆ? ಪ್ರತಿಕಾಯಗಳ ಪ್ರವೇಶವಾದುದು ಇಲ್ಲಿ. ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ, ಒಂದು ಪ್ರತಿಕಾಯ ತನಗೆ ನಿಶ್ಚಿತವಾದ ಒಂದು ಗುರುತಿಗೆ ಮಾತ್ರವೇ ಅಂಟಿಕೊಳ್ಳುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು, ಪ್ರತಿಕಾಯವನ್ನು ತಯಾರಿಸುವ ಇಲಿಯ ಜೀವಕೋಶವನ್ನು ಸಾವಿಲ್ಲದೆ ಬೆಳೆಯುವ ಅರ್ಬುದದ ಕೋಶದೊಡನೆ ಬೆಸೆದು, ಒಂದೇ ಅಚ್ಚಿನ ಪ್ರತಿಕಾಯಗಳನ್ನು ಬೇಕಾದಷ್ಟು ಪಡೆಯುವ ದಾರಿ ತೆರೆದರು. 1984ರಲ್ಲಿ ಅವರಿಗೆ ನೀಲ್ಸ್ ಯೆರ್ನೆಯವರೊಡನೆ ನೊಬೆಲ್ ಬಹುಮಾನ ಸಂದಿತು.

ಬಿಳಿಯ ಕಣದ ಮೈಮೇಲಿನ ಗುರುತೊಂದಕ್ಕೆ ಅಂಟುವ ಇಂಥ ಪ್ರತಿಕಾಯಕ್ಕೆ ವಿಕಿರಣದ ಗಂಟೆ ಕಟ್ಟಿ ಸೂಜಿಯ ಮೂಲಕ ಒಳಕ್ಕೆ ಬಿಟ್ಟರಾಯಿತು. ಉರಿಯೂತವಿದ್ದೆಡೆ ರಕ್ತನಾಳಗಳ ಗೋಡೆ ಸಡಿಲವಾಗಿ ಸೋರುವುದರಿಂದ ಪ್ರತಿಕಾಯ ಅಲ್ಲಿ ಒಸರಿ, ಅಲ್ಲಿ ನೆರೆದಿರುವ ಬಿಳಿಯ ಕಣಗಳನ್ನು ಹಿಡಿದು ನಿಲ್ಲುತ್ತದೆ. ಕೆಲವು ಗಂಟೆಗಳ ಬಳಿಕ ಒಮ್ಮೆ, ಮರುದಿನ ಮತ್ತೊಮ್ಮೆ ಗಾಮಾ ಕ್ಯಾಮೆರಾದಿಂದ ಚಿತ್ರ ತೆಗೆಯುತ್ತಾರೆ. ಕೀವಿದ್ದರೆ ಆ ಕಲೆ ಹೊತ್ತು ಕಳೆದಂತೆ ಗಾಢವಾಗುತ್ತದೆ; ಬರಿಯ ಊತವಾದರೆ ಮಸುಕಾಗುತ್ತ ಹೋಗುತ್ತದೆ.

ಮುಂಬಯಿಯ ‘ಹಸು’

ಗಂಟೆಯಾಗಿ ಕಟ್ಟುವ ಧಾತು ಸಾಮಾನ್ಯವಾಗಿ ಟೆಕ್ನೀಷಿಯಮ್-99ಎಂ. ಅದರ ಅರ್ಧಾಯುಷ್ಯ ಆರೇ ಗಂಟೆ. ಬೆಳಿಗ್ಗೆ ಆರಕ್ಕೆ ನೂರು ಪಾಲು ಇದ್ದುದು ಮಧ್ಯಾಹ್ನಕ್ಕೆ ಐವತ್ತು, ಸಂಜೆಗೆ ಇಪ್ಪತ್ತೈದು, ಮರುದಿನ ಬೆಳಿಗ್ಗೆಗೆ ಆರು ಪಾಲಿನಷ್ಟು. ರೋಗಿಯ ದೇಹದಿಂದ ಬೇಗ ಮರೆಯಾಗುವುದೇ ಇದರ ದೊಡ್ಡ ಗುಣ. ಆದರೆ ಇಷ್ಟು ಕ್ಷಣಿಕವಾದುದನ್ನು ಕಪಾಟಿನಲ್ಲಿ ಕೂಡಿಡುವುದೆಂತು?

ಇದಕ್ಕೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯವರು 1950ರ ದಶಕದ ಕೊನೆಯಲ್ಲಿ ಸೊಗಸಾದ ಉಪಾಯ ಕಂಡುಹಿಡಿದರು. ಟೆಕ್ನೀಷಿಯಮ್ಮಿನ ತಾಯಿ ಮಾಲಿಬ್ಡಿನಮ್-99; ಅದರ ಅರ್ಧಾಯುಷ್ಯ 66 ಗಂಟೆ. ತಾಯಿಯನ್ನು ಸೀಸದ ಕವಚದೊಳಗಿಟ್ಟು ಆಸ್ಪತ್ರೆಗೆ ಕಳುಹಿಸಿದರೆ, ದಿನವೂ ಅದರೊಳಗೆ ಹುಟ್ಟುವ ಮಗುವನ್ನು ಉಪ್ಪುನೀರಿನಿಂದ ತೊಳೆದು ತೆಗೆದುಕೊಳ್ಳಬಹುದು. ಈ ಕೆಲಸದವರು ಆ ಪೆಟ್ಟಿಗೆಯನ್ನು ‘ಹಸು’ ಎಂದೂ, ತೆಗೆಯುವುದನ್ನು ‘ಹಾಲು ಕರೆಯುವುದು’ ಎಂದೂ ವಿನೋದವಾಗಿ ಕರೆಯುವುದುಂಟು. ನಮ್ಮ ದೇಶದಲ್ಲಿ ಟ್ರಾಂಬೆಯ ಅಪ್ಸರಾ ಸ್ಥಾವರ 1956ರ ಆಗಸ್ಟ್ 4ರಂದು ಚಾಲನೆಗೊಂಡಂದಿನಿಂದ ಬೆಳೆದುಬಂದ ಪರಮಾಣು ವಿದ್ಯೆಯ ಫಲವಾಗಿ, ಇಂಥ ಹಸುಗಳನ್ನು ಆಸ್ಪತ್ರೆಗಳಿಗೆ ಒದಗಿಸುವ ಬ್ರಿಟ್ ಎಂಬ ಸರ್ಕಾರಿ ಸಂಸ್ಥೆ ಮುಂಬಯಿಯಲ್ಲಿದೆ. ಆದರೂ ಈ ಹಸು ವಾರದೊಳಗೆ ಬತ್ತುತ್ತದೆ. ಹೊಸದು ಬರುತ್ತಲೇ ಇರಬೇಕು.

ಎಚ್ಚರಿಕೆಯ ಪಾಠ

ಎಲ್ಲವೂ ಹೂವಿನ ಹಾಸಿಗೆಯಾಗಿತ್ತೆಂದು ಓದುಗರು ಭಾವಿಸಬಾರದು. ಅಮೆರಿಕದಲ್ಲಿ ಫ್ಯಾನೊಲೆಸೊಮ್ಯಾಬ್ ಎಂಬ ಪ್ರತಿಕಾಯಕ್ಕೆ, ಅಸ್ಪಷ್ಟವಾದ ಕರುಳುಬಾಲದ ಉರಿಯೂತವನ್ನು ಪತ್ತೆಹಚ್ಚಲೆಂದು, 2004ರಲ್ಲಿ ಅನುಮತಿ ದೊರೆಯಿತು. ಚುಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಕೆಲವರಿಗೆ ಉಸಿರು ಮತ್ತು ಹೃದಯದ ತೀವ್ರ ತೊಂದರೆ ಉಂಟಾಗಿ ಸಾವುಗಳೂ ಸಂಭವಿಸಿದುದರಿಂದ 2005ರ ಡಿಸೆಂಬರಿನಲ್ಲಿ ಅದರ ಮಾರಾಟವೇ ನಿಂತಿತು. ರೋಗವನ್ನು ಹುಡುಕಲು ಹೊರಟ ದೀಪವೇ ಮನೆಯನ್ನು ಸುಡಬಾರದಷ್ಟೆ!

ಮೂಳೆಯ ಸೋಂಕಿಗೆಂದು ಯೂರೋಪಿನಲ್ಲಿ 2010ರಲ್ಲಿ ಅನುಮತಿ ಪಡೆದ ಬೆಸಿಲೆಸೊಮ್ಯಾಬ್ ಇಲಿಯ ಪ್ರತಿಕಾಯ. ಮನುಷ್ಯನ ದೇಹ ಇಲಿಯ ಪದಾರ್ಥವನ್ನು ಪರಕೀಯವೆಂದು ಗುರುತಿಸಿ ಅದರ ವಿರುದ್ಧ ತಾನೂ ಪ್ರತಿಕಾಯ ತಯಾರಿಸಬಹುದು. ಆದುದರಿಂದ ಮೊದಲು ರಕ್ತಪರೀಕ್ಷೆ ಮಾಡಬೇಕು. ಬಾಳಿನಲ್ಲಿ ಒಮ್ಮೆ ಮಾತ್ರವೇ ಅದನ್ನು ಕೊಡಬೇಕೆಂಬುದು ನಿಯಮ. ಮತ್ತೊಂದು ಮಿತಿಯೂ ಉಂಟು. ಬೆನ್ನುಮೂಳೆಯ ಮಜ್ಜೆಯಲ್ಲಿ ಬಿಳಿಯ ಕಣಗಳ ತವರೇ ಇರುವುದರಿಂದ, ಅಲ್ಲಿಯ ಸೋಂಕು ಈ ಚಿತ್ರದಲ್ಲಿ ಬೆಳಗುವ ಬದಲು ಎಷ್ಟೋ ಬಾರಿ ಕಪ್ಪು ತೂತಿನಂತೆ ತೋರಿ ದಾರಿ ತಪ್ಪಿಸುತ್ತದೆ. ಬೆನ್ನಿಗೆ ಎಂಆರ್‌ಐ ಅಥವಾ ಪೆಟ್ ಚಿತ್ರವೇ ಲೇಸು. ದನಕರುಗಳ ಒಡನಾಟದಿಂದ ಬರುವ ಬ್ರುಸೆಲ್ಲಾ ಜ್ವರವೂ ಕ್ಷಯವೂ ಬೆನ್ನುಮೂಳೆಯಲ್ಲಿ ಅವಿತುಕೊಳ್ಳುವ ನಮ್ಮ ನಾಡಿನಲ್ಲಿ ಈ ಮಾತು ನೆನಪಿನಲ್ಲಿರಬೇಕು.

ದಾರಿಯ ಉದ್ದ

ಆಳಂದ, ಜೇವರ್ಗಿಗಳು ಕಲಬುರಗಿಗೆ ಸುಮಾರು ನಲವತ್ತು ಕಿಲೋಮೀಟರು. ಅಫಜಲಪುರ ಇನ್ನೂ ದೂರ. ಕಲಬುರಗಿಯಿಂದ ಹೈದರಾಬಾದಿಗೆ ಇನ್ನೂರಕ್ಕೂ ಹೆಚ್ಚು, ಬೆಂಗಳೂರಿಗೆ ಆರುನೂರರ ಸಮೀಪ. ತಾಲ್ಲೂಕು ಆಸ್ಪತ್ರೆಯಲ್ಲಿ ಗಾಮಾ ಕ್ಯಾಮೆರಾ ಇರುವ ಮಾತಿಲ್ಲ. ಮೊದಲ ದಿನ ಒಮ್ಮೆ, ಮರುದಿನ ಒಮ್ಮೆ ಚಿತ್ರ ತೆಗೆಸಬೇಕಾದವನಿಗೆ ಔಷಧದ ಬೆಲೆಯೊಡನೆ ಪರಊರಿನ ವಾಸ, ಜೊತೆಗೆ ಬಂದವನ ಕೂಲಿಯ ನಷ್ಟ—ಇವೂ ಸೇರುತ್ತವೆ. ಆರು ಗಂಟೆಯ ಆಯುಷ್ಯದ ಧಾತು ಹಳ್ಳಿಯವರೆಗೆ ಬಾರದು. ಹಳ್ಳಿಯವನೇ ಅದರೆಡೆಗೆ ಹೋಗಬೇಕು. ವಿಜ್ಞಾನ ಮಾಡಬೇಕಾದುದನ್ನು ಬಹುಮಟ್ಟಿಗೆ ಮಾಡಿದೆ. ಉಳಿದಿರುವುದು, ದೀಪವಿರುವ ಊರಿಗೂ ಗಾಯವಿರುವ ಊರಿಗೂ ನಡುವಣ ದಾರಿಯನ್ನು ಕಿರಿದಾಗಿಸುವ ಕೆಲಸ.

ಅಲ್ಲಿಯವರೆಗೆ ಕಾಸಿನ ಖರ್ಚಿಲ್ಲದ ಒಂದು ಪರೀಕ್ಷೆ ಎಲ್ಲರ ಕೈಯಲ್ಲಿದೆ. ಸಿಹಿಮೂತ್ರವಿರುವವರು ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ದೀಪದ ಬೆಳಕಿನಲ್ಲಿ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಲಿ. ಕಣ್ಣು ಮಂದವಾದವರಿಗೆ ಮನೆಯ ಮಕ್ಕಳು ನೋಡಿ ಹೇಳಲಿ. ಕೂಳೆಯ ಹೊಲಕ್ಕೆ ಬರಿಗಾಲಿನಲ್ಲಿ ಇಳಿಯದಿರಲಿ. ಪಾದ ಬಿಸಿಯಾಗಿ ಊದಿದರೆ, ನೋವಿಲ್ಲವೆಂದು ಸುಮ್ಮನಿರದೆ ಅಂದೇ ವೈದ್ಯರ ಬಳಿಗೆ ಹೋಗಲಿ. ನೋವಿಲ್ಲದಿರುವುದೇ ಅಲ್ಲಿ ಅಪಾಯದ ಗುರುತು. ಪರಮಾಣುವಿನ ದೀಪ ಹೊತ್ತಿಸುವ ಪ್ರಮೇಯವೇ ಬಾರದಂತೆ ಕಾಪಾಡಬಲ್ಲುದು ಮನೆಯ ದೀಪ.